ಘಟ್ಟದ ಮೇಲಿನವರ ಡೈವಿಂಗ್ ಸಾಮಾನು

ಸ್ಕೂಬಾ ಡೈವಿಂಗ್ ಕಲಿತವರು ಆಸೆಪಟ್ಟು ಕೊಂಡು ಆಮೇಲೆ ಪರಿತಪಿಸುವ ಸಾಮಾನುಗಳ ಬಗ್ಗೆ ಸಲಹೆಗಳಿಗೇನೂ ಬರವಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಕಡಲ ದಡದಲ್ಲೇ ಮನೆಯಿರುವವರನ್ನು, ಇಲ್ಲವೇ ವಾರ ವಾರವೂ ನೀರಿಗಿಳಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದವು. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಹಾಸನದ ಕಡೆಯಿಂದ ವರ್ಷಕ್ಕೆ ಒಂದೆರಡು ಸಲ ಘಟ್ಟ ಇಳಿದು ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಸುತ್ತ ಡೈವ್ ಮಾಡಿ ಬರುವ ನಮ್ಮಂಥವರ ಲೆಕ್ಕ ಬೇರೆ. ನಮ್ಮಲ್ಲಿ ಡೈವಿಂಗ್ ಸಾಮಾನು ಬಳಸಿ ಸವೆಯುವುದು ಕಡಿಮೆ, ಬಳಸದೆ ಇಟ್ಟು ಹಾಳಾಗುವುದೇ ಹೆಚ್ಚು. ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಾಡಿಗೆಗೆ ಪಡೆಯಬೇಕು ಎಂಬ ವಿಚಾರವನ್ನು ಈ ಸಂಗತಿಯಿಂದಲೇ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ.

ನೇತ್ರಾಣಿಯಲ್ಲಿ ಡೈವಿಂಗ್ ನಡೆಯುವುದು ಹೆಚ್ಚುಕಡಿಮೆ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ. ಮುಂಗಾರು ಹಿಡಿದರೆ ಕಡಲು ಕದಡಿ ದೋಣಿಗಳು ನಿಲ್ಲುತ್ತವೆ. ಡೈವಿಂಗ್ ನಡೆಯುವ ತಿಂಗಳುಗಳಲ್ಲೇ ನಮ್ಮಲ್ಲಿ ಅರೇಬಿಕಾ ಕಾಫಿಯ ಕೊಯ್ಲು, ಅದರ ಬೆನ್ನಿಗೆ ರೋಬಸ್ಟಾ ಕೊಯ್ಲು, ಅದು ಮುಗಿಯುವಷ್ಟರಲ್ಲಿ ಹೂವಿನ ಮಳೆಗಾಗಿ ಆಕಾಶ ನೋಡುವುದು ಅಥವಾ ಸ್ಪ್ರಿಂಕ್ಲರ್ ಓಡಿಸುವುದು. ತೋಟದವರಿಗೆ ಬಿಡುವಿದ್ದಾಗ ಕಡಲು ಮುಚ್ಚಿರುತ್ತದೆ, ಕಡಲು ತೆರೆದಿರುವಾಗ ಆಳುಗಳನ್ನು ಬಿಟ್ಟು ಹೊರಡುವಂತಿರುವುದಿಲ್ಲ. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರುಗಳಿವು. ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುವ ತೇವದಲ್ಲಿ, ರಬ್ಬರು, ಸಿಲಿಕೋನ್, ಬಟ್ಟೆ ಮತ್ತು ಲೋಹ ಸೇರಿಸಿ ಮಾಡಿದ ವಸ್ತುವೊಂದನ್ನು ಚೀಲದ ಸಮೇತ ಅಟ್ಟಕ್ಕೆ ಏರಿಸಿದರೆ ಮುಂದಿನ ಸೀಸನ್ನಿಗೆ ಅದು ಯಾವ ಸ್ಥಿತಿಯಲ್ಲಿ ಸಿಗುತ್ತದೆಂದು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ.

ಪರಿತಾಪದ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರ್‌ಗೆ ಸಲ್ಲಬೇಕು. ಅದು ಕೆಟ್ಟ ವಸ್ತುವೆಂದು ಇದರ ಅರ್ಥವಲ್ಲ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ಟೊ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ಆಕ್ವಾಲಂಗ್‌ನಿಂದ ಈವರೆಗೆ ಮನುಷ್ಯ ನೀರಿನೊಳಗೆ ಸಲೀಸಾಗಿ ಉಸಿರಾಡುತ್ತಿರುವುದು ಈ ಯಂತ್ರದ ದೆಸೆಯಿಂದಲೇ. ಸಿಲಿಂಡರ್‌ನಲ್ಲಿ 200 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಕಡಲಮಟ್ಟದ ಗಾಳಿಯ ಒತ್ತಡ) ಆಸುಪಾಸಿನ ಒತ್ತಡದಲ್ಲಿರುವ ಗಾಳಿಯನ್ನು, ಸಿಲಿಂಡರಿಗೆ ಜೋಡಿಸುವ ಮೊದಲ ಹಂತವು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 10 ಬಾರ್ ಹೆಚ್ಚಿನ ಮಟ್ಟಕ್ಕೆ ತಗ್ಗಿಸುತ್ತದೆ, ಬಾಯಲ್ಲಿರುವ ಎರಡನೇ ಹಂತವು ಅದನ್ನು ನಾವಿರುವ ಆಳದ ಒತ್ತಡಕ್ಕೆ ಸರಿಹೊಂದಿಸಿ, ಉಸಿರೆಳೆದಾಗ ಮಾತ್ರ ಬಿಟ್ಟುಕೊಡುತ್ತದೆ. ಇಷ್ಟು ಸೂಕ್ಷ್ಮವಾದ ಕೆಲಸವನ್ನು ಅದರೊಳಗಿನ, ಸೋರದಂತೆ ತಡೆಯುವ ರಬ್ಬರ್ ಉಂಗುರಗಳಾದ ಓ-ರಿಂಗ್‌ಗಳು, ಸ್ಪ್ರಿಂಗ್‌ಗಳು ಮತ್ತು ಗಾಳಿಯ ದಾರಿಯನ್ನು ಮುಚ್ಚುವ ಮೆದುವಾದ ಸೀಟ್‌ಗಳು ಮಾಡುತ್ತವೆ. ಶೆಡ್ಡಿನಲ್ಲಿ ನಿಂತೇ ಇರುವ ಜೀಪು ಓಡುವ ಜೀಪಿಗಿಂತ ಬೇಗ ಕೆಡುವಂತೆ, ಸುಮ್ಮನಿರುವ ರೆಗ್ಯುಲೇಟರ್‌ನಲ್ಲಿ ಓ-ರಿಂಗ್ ಒಣಗುತ್ತದೆ, ಸ್ಪ್ರಿಂಗಿನ ಒತ್ತಡಕ್ಕೆ ಸೀಟಿನ ಮೇಲೆ ಗೀರು ಮೂಡಿ ಗಾಳಿ ತಾನಾಗಿಯೇ ಸೋರತೊಡಗುತ್ತದೆ, ಸರಿಯಾಗಿ ತೊಳೆಯದೆ ಉಳಿದ ಉಪ್ಪು ಒಳಗೇ ಹರಳುಗಟ್ಟುತ್ತದೆ. ಆದ್ದರಿಂದಲೇ ತಯಾರಕರು ಡೈವ್‌ಗಳ ಸಂಖ್ಯೆಯ ಜೊತೆಗೆ ಕಾಲದ ಮಿತಿಯನ್ನೂ ಹಾಕುತ್ತಾರೆ: ಒಮ್ಮೆಯೂ ನೀರು ಕಾಣದಿದ್ದರೂ ವರ್ಷಕ್ಕೋ ಎರಡು ವರ್ಷಕ್ಕೋ ಸರ್ವಿಸ್ ಆಗಲೇಬೇಕು. ಆ ಸರ್ವಿಸ್ ಮಾಡಲು ಆಯಾ ಕಂಪನಿಯ ತರಬೇತಿ ಪಡೆದ ತಂತ್ರಜ್ಞ ಬೇಕು, ಆ ಮಾದರಿಯದೇ ಸರ್ವಿಸ್ ಕಿಟ್ ಬೇಕು. ನಮ್ಮೂರಿನಲ್ಲಿ ಇವೆರಡೂ ಇಲ್ಲ. ವಿದೇಶದ ಜಾಲತಾಣದಿಂದ ಅಗ್ಗವೆಂದು ತರಿಸಿ, ಕಸ್ಟಮ್ಸ್ ಸುಂಕವನ್ನೂ ಕಟ್ಟಿದವರು ಆ ಬ್ರ್ಯಾಂಡಿನ ಕಿಟ್ ಇಟ್ಟುಕೊಂಡವರನ್ನು ಹುಡುಕುತ್ತಾ ಒಂದು ಸೀಸನ್ನನ್ನೇ ಕಳೆದದ್ದನ್ನು ಕಂಡಿದ್ದೇನೆ. ಸಾಲದ್ದಕ್ಕೆ ಕೆಲವರು ನೋಡದೆ ಡಿನ್ ಜೋಡಣೆಯ, ಅಂದರೆ ವಾಲ್ವಿನೊಳಕ್ಕೆ ತಿರುಪಿ ಕೂರಿಸುವ, ರೆಗ್ಯುಲೇಟರ್ ಕೊಂಡಿರುತ್ತಾರೆ. ಬಾಡಿಗೆಯ ಸಿಲಿಂಡರ್‌ನಲ್ಲಿ ಮೇಲಿನಿಂದ ಬಿಗಿದು ಹಿಡಿಯುವ ಬಗೆಯ ಯೋಕ್ ವಾಲ್ವ್ ಮಾತ್ರ ಇದ್ದರೆ ಅಡಾಪ್ಟರ್ ಇಲ್ಲದೆ ಅದು ಕೂರುವುದೇ ಇಲ್ಲ.

ಇಷ್ಟು ಹೇಳಿದರೂ ಹಲವರು ಕೊಳ್ಳುವುದಕ್ಕೆ ಕೊಡುವ ಕಾರಣ ಒಂದೇ: ಎಂಜಲು. "ಯಾರ್ಯಾರೋ ಬಾಯಿಗೆ ಹಾಕ್ಕೊಂಡಿದ್ದನ್ನ ನಾನೆಂಗೆ ಹಾಕ್ಕೊಳ್ಳಲಿ ಮಾರಾಯ" ಎಂದು ಸ್ನೇಹಿತರೊಬ್ಬರು ಕೇಳಿದಾಗ ನನಗೆ ನಗು ಬರಲಿಲ್ಲ, ಏಕೆಂದರೆ ಅದು ನಮ್ಮ ಮನೆಗಳಲ್ಲಿ ನಿಜವಾದ ಪ್ರಶ್ನೆಯೇ. ಆದರೆ ಬಾಯಲ್ಲಿ ಕಚ್ಚಿಕೊಳ್ಳುವ ಭಾಗ, ಅಂದರೆ ಮೌತ್‌ಪೀಸ್, ಬಿಡಿಯಾಗಿ ಸಿಗುತ್ತದೆ. ಅದನ್ನು ಹಿಡಿದಿಟ್ಟಿರುವುದು ಒಂದು ಪ್ಲಾಸ್ಟಿಕ್ ಟೈ ಮಾತ್ರ. ಸ್ವಂತ ಮೌತ್‌ಪೀಸನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಡೈವ್ ಸೆಂಟರ್‌ನವರಿಗೆ ಮೊದಲೇ ಹೇಳಿದರೆ ಅವರೇ ಬದಲಿಸಿ ಕೊಡುತ್ತಾರೆ. ಕೆಲವು ನೂರು ರೂಪಾಯಿಯಲ್ಲಿ ತೀರುವ ಸಂಕೋಚಕ್ಕೆ ಹತ್ತಾರು ಸಾವಿರ ರೂಪಾಯಿಯ ಯಂತ್ರವನ್ನು ಮನೆಗೆ ತರುವುದು ನನಗೆ ಸರಿಕಾಣುವುದಿಲ್ಲ.

ತೇಲುವಿಕೆಯನ್ನು ನಿಯಂತ್ರಿಸುವ ಜಾಕೆಟ್, ಅಂದರೆ ಬಿಸಿಡಿ, ಇದೇ ಜಾತಿಗೆ ಸೇರಿದ್ದು. ಅದರ ಒಳಚೀಲದಲ್ಲಿ ಉಳಿದ ಉಪ್ಪುನೀರು ಮಳೆಗಾಲದಲ್ಲಿ ಬೂಷ್ಟಿನ ತೋಟವಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಗಾಳಿ ತುಂಬುವ ಗುಂಡಿ ಉಪ್ಪು ಹಿಡಿದು ಸಿಕ್ಕಿಕೊಳ್ಳುವುದು. ನೀರಿನಡಿಯಲ್ಲಿ ಹಾಗಾದರೆ ಜಾಕೆಟ್ ತಾನೇ ಉಬ್ಬಿ ಮನುಷ್ಯನನ್ನು ಮೇಲಕ್ಕೆ ಎಳೆದೊಯ್ಯುತ್ತದೆ. ಇದನ್ನೂ ಬಾಡಿಗೆಗೇ ಬಿಡುವುದು ಒಳ್ಳೆಯದು.

ಇತ್ತೀಚೆಗೆ ನನಗೆ ಹೆಚ್ಚು ಆತಂಕ ತರುತ್ತಿರುವ ಖರೀದಿ ಇನ್ನೊಂದಿದೆ. ಕೈಪಂಪಿನಿಂದ ಗಾಳಿ ತುಂಬುವ, ಅರ್ಧ ಲೀಟರ್‌ನ ಪುಟ್ಟ ಸಿಲಿಂಡರ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತಿವೆ. ಮೂಡಿಗೆರೆ ಕಡೆಯ ಪರಿಚಿತರೊಬ್ಬರು ಇದನ್ನು ತರಿಸಿದ್ದು ಕಡಲಿಗಾಗಿ ಅಲ್ಲವೇ ಅಲ್ಲ. ತೋಟದ ಕೆರೆಯಲ್ಲಿ ಸ್ಪ್ರಿಂಕ್ಲರ್ ಪಂಪಿನ ಫುಟ್‌ವಾಲ್ವಿಗೆ ಕಸ ಕಟ್ಟಿದರೆ ತಾವೇ ಮುಳುಗಿ ತೆಗೆಯಬಹುದೆಂಬ ಲೆಕ್ಕಾಚಾರದಿಂದ. ಲೆಕ್ಕವನ್ನೇ ಮಾಡೋಣ. ಅರ್ಧ ಲೀಟರ್ ಸಿಲಿಂಡರ್‌ಗೆ 200 ಬಾರ್ ತುಂಬಿದರೆ ಸಿಗುವುದು 100 ಲೀಟರ್ ಗಾಳಿ. ಕೆಲಸ ಮಾಡುತ್ತಿರುವ ಮನುಷ್ಯ ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾನೆಂದರೆ ನೀರಿನ ಮೇಲ್ಮೈಯಲ್ಲಿ ಅದು 5 ನಿಮಿಷಕ್ಕೆ ಸಾಕು; 10 ಮೀಟರ್ ಆಳದಲ್ಲಿ ಒತ್ತಡ ಎರಡರಷ್ಟಾಗುವುದರಿಂದ ಎರಡೂವರೆ ನಿಮಿಷಕ್ಕೆ ಮುಗಿಯುತ್ತದೆ. ಗಾಬರಿಯಾದವನಿಗೆ ಅಷ್ಟೂ ಬರುವುದಿಲ್ಲ. ಕೆಸರು ಕಲಕಿದ ಕೆರೆಯಲ್ಲಿ ತನ್ನ ಕೈಯೇ ಕಾಣದಿರುವಾಗ ಗಾಬರಿಯಾಗದವರು ಕಡಿಮೆ.

ಆದರೂ ಗಾಳಿ ಮುಗಿಯುವುದಕ್ಕಿಂತ ದೊಡ್ಡ ಅಪಾಯ ಬೇರೆಯದು. ಆಳದಲ್ಲಿ ಒತ್ತಡದ ಗಾಳಿಯನ್ನು ಶ್ವಾಸಕೋಶದ ತುಂಬ ಎಳೆದುಕೊಂಡು, ಉಸಿರು ಬಿಗಿಹಿಡಿದು ಮೇಲೆ ಬಂದರೆ ಆ ಗಾಳಿ ಹಿಗ್ಗುತ್ತದೆ. 10 ಮೀಟರ್‌ನಿಂದ ಮೇಲ್ಮೈಗೆ ಬರುವಷ್ಟರಲ್ಲಿ ಅದಕ್ಕೆ ಎರಡರಷ್ಟು ಜಾಗ ಬೇಕಾಗುತ್ತದೆ. ಶ್ವಾಸಕೋಶ ಹರಿದು, ಗಾಳಿಯ ಗುಳ್ಳೆಗಳು ರಕ್ತಕ್ಕೆ ಸೇರಿ ಮಿದುಳಿಗೆ ಹೋಗಬಹುದು. ಇದು ಕೆರೆಯಷ್ಟು ಕಡಿಮೆ ಆಳದಲ್ಲೂ ಆಗಬಲ್ಲದು. ಈಜು ಬಲ್ಲ ನಮ್ಮ ಹುಡುಗರು ಮುಳುಗುವಾಗ ಉಸಿರು ಬಿಗಿಹಿಡಿಯುವುದನ್ನೇ ರೂಢಿ ಮಾಡಿಕೊಂಡಿರುತ್ತಾರೆ. ಸ್ಕೂಬಾ ಕೋರ್ಸಿನ ಮೊದಲ ಪಾಠವೇ ಆ ರೂಢಿಯನ್ನು ಬಿಡಿಸುವುದು. ಪಾಠವಿಲ್ಲದೆ ಸಿಲಿಂಡರ್ ಮಾತ್ರ ಕೈಗೆ ಬಂದರೆ ಏನಾಗುತ್ತದೆಂದು ಯೋಚಿಸಿ. ಪಂಪ್ ನಿಲ್ಲಿಸಿ, ಪೈಪನ್ನೇ ಮೇಲಕ್ಕೆಳೆದು ಫುಟ್‌ವಾಲ್ವ್ ಶುಚಿಮಾಡುವ ಹಳೆಯ ಕ್ರಮಕ್ಕೆ ಎರಡಾಳಿನ ಕೂಲಿ ಹೋಗಬಹುದು, ಹೋಗಲಿ.

ವೆಟ್‌ಸೂಟ್ ಕೊಳ್ಳುವಾಗ ನಮ್ಮವರನ್ನು ದಾರಿ ತಪ್ಪಿಸುವುದು ನಮ್ಮ ಚಳಿ. ಮುಳ್ಳಯ್ಯನಗಿರಿಯ ಗಾಳಿಯ ನೆನಪಿನಲ್ಲಿ 7 ಮಿಲಿಮೀಟರ್ ದಪ್ಪದ ಸೂಟನ್ನು ಆರಿಸಿದರೆ, ಡೈವಿಂಗ್ ಸೀಸನ್ನಿನಲ್ಲಿ 27ರಿಂದ 30 ಡಿಗ್ರಿ ಸೆಲ್ಸಿಯಸ್‌ನ ನಡುವೆ ಇರುವ ಕರಾವಳಿಯ ನೀರಿನಲ್ಲಿ, ಅದಕ್ಕೂ ಮೊದಲು ದೋಣಿಯ ಮೇಲಿನ ಬಿಸಿಲಿನಲ್ಲಿ, ಬೆಂದುಹೋಗಬೇಕಾಗುತ್ತದೆ. ಸೂಟಿನ ಬಟ್ಟೆಯಾದ ನಿಯೋಪ್ರೀನ್ ದಪ್ಪವಾದಷ್ಟೂ ಹೆಚ್ಚು ತೇಲುತ್ತದೆ, ಅದನ್ನು ಮುಳುಗಿಸಲು ಸೊಂಟಕ್ಕೆ ಹೆಚ್ಚು ಸೀಸ ಕಟ್ಟಬೇಕು. ಆಳಕ್ಕೆ ಹೋದಾಗ ಅದೇ ಬಟ್ಟೆ ಒತ್ತಡಕ್ಕೆ ಕುಗ್ಗಿ ತೇಲುವ ಗುಣ ಕಳೆದುಕೊಂಡಾಗ, ಕಟ್ಟಿಕೊಂಡ ಸೀಸ ಹೊರೆಯಾಗುತ್ತದೆ. ನಮ್ಮ ಕಡಲಿಗೆ 3 ಮಿಲಿಮೀಟರ್ ಸಾಕು. ಒಂದು ಮಾತು: ಮದುವೆ ಸೀಸನ್ನಿನ ಹೋಳಿಗೆ ಊಟಗಳಿಗೆ ಮುಂಚೆ ಅಳತೆ ಕೊಟ್ಟ ಸೂಟು ಆಮೇಲೆ ಏರದಿದ್ದರೆ ಅದು ಸೂಟಿನ ದೋಷವಲ್ಲ.

ಫ್ರೀಡೈವಿಂಗ್, ಅಂದರೆ ಸಿಲಿಂಡರ್ ಇಲ್ಲದೆ ಉಸಿರು ಹಿಡಿದು ಮುಳುಗುವ ವಿಡಿಯೋ ನೋಡಿ ಕೊಂಡ, ಕಾಲಿಗೆ ತೊಡುವ ಉದ್ದನೆಯ ಫಿನ್‌ಗಳು ಚಿಕ್ಕ ದೋಣಿಯಲ್ಲಿ ಎಲ್ಲರ ಕಾಲಿಗೂ ಸಿಕ್ಕಿ, ನೀರಿನಡಿ ಹವಳವನ್ನು ಬಡಿಯುತ್ತವೆ. ಕಾಲಿಗೆ ಕಟ್ಟುವ ದೊಡ್ಡ ಕತ್ತಿ ಫೋಟೋಗೆ ಚೆಂದ. ಮೀನುಬಲೆಯ ದಾರಕ್ಕೆ ಸಿಕ್ಕಿಕೊಂಡಾಗ ಕೆಲಸಕ್ಕೆ ಬರುವುದು ಬೆರಳುದ್ದದ ಲೈನ್ ಕಟರ್. ನೂರೆಂಟು ವಾಲ್ವ್‌ಗಳಿರುವ ದುಬಾರಿ ಸ್ನಾರ್ಕೆಲ್, ಅಂದರೆ ಉಸಿರಾಟದ ಕೊಳವೆಯ ಬಗ್ಗೆ ಹೇಳಲು ನನಗೆ ಉತ್ಸಾಹವಿಲ್ಲ.

ಫೋನಿಗಾಗಿ ಕೊಳ್ಳುವ ಜಲನಿರೋಧಕ ಕವಚದ ವಿಷಯದಲ್ಲಿ ಮಾತ್ರ ಎಚ್ಚರಿಸಬೇಕು. ಒಂದೇ ಮಾದರಿಯ ಫೋನಿಗೆ ಹೊಂದುವ ಕವಚ, ಫೋನ್ ಬದಲಾದ ದಿನವೇ ಬರೀ ಡಬ್ಬಿಯಾಗುತ್ತದೆ. ಓ-ರಿಂಗಿನ ಮೇಲೆ ಒಂದು ಕೂದಲು ಕೂತಿದ್ದರೂ ನೀರು ನುಗ್ಗುತ್ತದೆ. ಮೇಲಾಗಿ ಬೆಳಕಿನ ಕೆಂಪು ಭಾಗವನ್ನು ನೀರು ಮೊದಲ ಕೆಲವು ಮೀಟರ್‌ಗಳಲ್ಲೇ ಹೀರಿಕೊಳ್ಳುವುದರಿಂದ, ಟಾರ್ಚ್ ಇಲ್ಲದೆ 10 ಮೀಟರ್‌ನಲ್ಲಿ ತೆಗೆದ ಚಿತ್ರದಲ್ಲಿ ಮೀನು, ಬಂಡೆ, ಗೆಳೆಯ ಎಲ್ಲರೂ ಒಂದೇ ಹಸಿರು-ನೀಲಿ.

ಹಾಗಾದರೆ ಏನು ಕೊಳ್ಳಬೇಕು? ಮಾಸ್ಕ್ ಕೊಳ್ಳಿ, ಆದರೆ ಮುಖಕ್ಕಿಟ್ಟು ನೋಡದೆ ಕೊಳ್ಳಬೇಡಿ. ಪಟ್ಟಿಯನ್ನು ಬಿಗಿಯದೆ ಮುಖಕ್ಕೆ ಒತ್ತಿ ಮೂಗಿನಿಂದ ಮೆಲ್ಲಗೆ ಉಸಿರೆಳೆದಾಗ ಅದು ಬೀಳದೆ ನಿಂತರೆ ನಿಮ್ಮ ಮುಖದ್ದು. ಮೀಸೆ ದಪ್ಪವಿದ್ದವರಿಗೆ ಅಲ್ಲಿಂದ ನೀರು ಒಸರುವುದು ಸಹಜ. ಕನ್ನಡಕ ಹಾಕುವವರಿಗಂತೂ ಪವರ್ ಗಾಜು ಕೂರಿಸಿದ ಸ್ವಂತ ಮಾಸ್ಕ್ ಎಂಬುದು ವಿಲಾಸವಲ್ಲ; ಮಾಸ್ಕಿನೊಳಗೆ ಕನ್ನಡಕ ಹಿಡಿಸುವುದಿಲ್ಲ, ಬಾಡಿಗೆಯ ಮಾಸ್ಕಿನಲ್ಲಿ ಕಡಲೆಲ್ಲ ಮಸುಕು. ಜೊತೆಗೆ ನೀರಿನ ಮೇಲೆ ನಿಮ್ಮ ಇರವನ್ನು ತೋರಿಸುವ ಕೇಸರಿ ಬಣ್ಣದ ಗಾಳಿಕೊಳವೆ ಮತ್ತು ಒಂದು ಸೀಟಿ. ಮೀನುಗಾರಿಕೆ ದೋಣಿಗಳು ಓಡಾಡುವ ಕಡಲಿನಲ್ಲಿ ಇವೆರಡನ್ನು ಕೊಂಡು ಪರಿತಪಿಸಿದವರನ್ನು ನಾನು ಕಂಡಿಲ್ಲ.

ಮೂರನೆಯದು ಕೈಗೆ ಕಟ್ಟುವ ಡೈವ್ ಕಂಪ್ಯೂಟರ್, ಮತ್ತು ಘಟ್ಟದ ಮೇಲಿನವರಿಗೆ ಇದು ಎಲ್ಲಕ್ಕಿಂತ ಮುಖ್ಯ. ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ದೇಹದ ಅಂಗಾಂಶಗಳಲ್ಲಿ ಕರಗಿ, ಮೇಲೆ ಬಂದ ಮೇಲೂ ಹಲವು ತಾಸು ನಿಧಾನವಾಗಿ ಹೊರಹೋಗುತ್ತಿರುತ್ತದೆ. ಆ ಅವಧಿಯಲ್ಲಿ ಸುತ್ತಲಿನ ಗಾಳಿಯ ಒತ್ತಡ ಇಳಿದರೆ ಅದು ಗುಳ್ಳೆಗಟ್ಟಿ ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನನ್ನಾದರೂ ತರಬಹುದು. ಡೈವ್ ಮಾಡಿದ ಕೂಡಲೇ ವಿಮಾನ ಹತ್ತಬಾರದೆಂದು ಎಲ್ಲ ಕೋರ್ಸ್‌ಗಳಲ್ಲೂ ಹೇಳುತ್ತಾರೆ. ಆದರೆ ಚಾರ್ಮಾಡಿ ಹತ್ತಬಾರದೆಂದು ಯಾರೂ ಹೇಳುವುದಿಲ್ಲ. ಡೈವರ್‌ಗಳ ಸುರಕ್ಷತೆಗಾಗಿ ಇರುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ವಿಮಾನಯಾನದ ಮಾರ್ಗಸೂಚಿ ಅನ್ವಯವಾಗುವುದು ಸುಮಾರು 600 ಮೀಟರ್‌ನಿಂದ 2,400 ಮೀಟರ್ ಎತ್ತರಕ್ಕೆ ಸಮನಾದ ಒತ್ತಡಕ್ಕೆ. ಹಾಸನ 900 ಮೀಟರ್‌ಗಿಂತ ಎತ್ತರದಲ್ಲಿದೆ, ಚಿಕ್ಕಮಗಳೂರು 1,000 ಮೀಟರ್ ದಾಟಿದೆ. ಅದೇ ಮಾರ್ಗಸೂಚಿಯಂತೆ ಡಿಕಂಪ್ರೆಷನ್ ನಿಲುಗಡೆ (ಸಾರಜನಕ ಹೊರಹೋಗಲೆಂದು ಮೇಲೆ ಬರುವಾಗ ನಡುವೆ ನಿಲ್ಲುವುದು) ಬೇಡದ ಒಂದೇ ಡೈವ್‌ನ ನಂತರ ಕನಿಷ್ಠ 12 ತಾಸು, ಒಂದಕ್ಕಿಂತ ಹೆಚ್ಚು ಡೈವ್ ಮಾಡಿದ್ದರೆ ಕನಿಷ್ಠ 18 ತಾಸು ಕಾಯಬೇಕು.

ನಮ್ಮವರ ಪದ್ಧತಿಯೋ, ಭಾನುವಾರ ಬೆಳಿಗ್ಗೆ ಎರಡು ಡೈವ್, ಮಧ್ಯಾಹ್ನ ಮೀನೂಟ, ರಾತ್ರಿಯೊಳಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ, ಸೋಮವಾರ ಬೆಳಿಗ್ಗೆ ಕೆಲಸ. ಕಂಪ್ಯೂಟರ್ ಕೈಯಲ್ಲಿದ್ದರೆ ಎಷ್ಟು ಆಳದಲ್ಲಿ ಎಷ್ಟು ಹೊತ್ತಿದ್ದಿರಿ ಎಂಬುದರಿಂದ ಲೆಕ್ಕ ಹಾಕಿ, ವಿಮಾನ ಹತ್ತದೆ ಇನ್ನೆಷ್ಟು ತಾಸು ಇರಬೇಕೆಂದು ತೋರಿಸುತ್ತದೆ. ಘಟ್ಟ ಹತ್ತುವುದಕ್ಕೂ ಅದನ್ನೇ ಪಾಲಿಸುವುದು ಕ್ಷೇಮ. ಶನಿವಾರವೇ ಡೈವ್ ಮುಗಿಸಿ, ಭಾನುವಾರ ಇಡಗುಂಜಿ ಗಣಪತಿಯ ದರ್ಶನ ಮಾಡಿಕೊಂಡು ಮಧ್ಯಾಹ್ನ ಹೊರಟರೆ ಎಲ್ಲವೂ ಸರಿಹೋಗುತ್ತದೆ. ಇಲ್ಲೂ ಕೊಳ್ಳುವವರು ಎಡವುವುದುಂಟು: 40 ಮೀಟರ್ ದಾಟಿ ಹೋಗುವ ವೃತ್ತಿಪರರಿಗಾಗಿ ಮಾಡಿದ, ಹೀಲಿಯಂ ಮಿಶ್ರಣದ ಲೆಕ್ಕವನ್ನೂ ಇಡುವ ಮಾದರಿ ನಮಗೆ ಬೇಡ. ಅಂಗಡಿಯಲ್ಲಿ ಸಿಗುವ ಬ್ಯಾಟರಿಯನ್ನು ನಾವೇ ಬದಲಿಸಿಕೊಳ್ಳಬಹುದಾದ ಸರಳ ಮಾದರಿ ಸಾಕು. ಚಾರ್ಜ್ ಮಾಡುವಂಥದ್ದಾದರೆ ತಿಂಗಳುಗಟ್ಟಲೆ ಪೂರ್ತಿ ಖಾಲಿಯಾಗಿ ಬಿಡಬಾರದು, ಲಿಥಿಯಂ ಬ್ಯಾಟರಿ ಸಾಯುತ್ತದೆ.

ಈಗಾಗಲೇ ಎಲ್ಲವನ್ನೂ ಕೊಂಡು ಕೂತವರು ಮೇ ತಿಂಗಳ ಕೊನೆಯ ಡೈವ್ ಮುಗಿದೊಡನೆ ಸಿಹಿನೀರಿನಲ್ಲಿ ನೆನೆಹಾಕಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ರೆಗ್ಯುಲೇಟರ್ ತೊಳೆಯುವಾಗ ಮೊದಲ ಹಂತದ ಮುಚ್ಚಳ ಬಿಗಿಯಾಗಿರಬೇಕು, ಎರಡನೇ ಹಂತದ ಮೇಲಿನ, ಗಾಳಿ ಬಿಡುವ ಪರ್ಜ್ ಗುಂಡಿ ಒತ್ತಬಾರದು. ಬಿಸಿಡಿಯ ಒಳಕ್ಕೂ ಸಿಹಿನೀರು ಹಾಯಿಸಿ ಚೆಲ್ಲಿ, ಅರ್ಧ ಗಾಳಿ ತುಂಬಿ ಇಡಬೇಕು. ವೆಟ್‌ಸೂಟನ್ನು ಮಡಚದೆ ಅಗಲವಾದ ಹ್ಯಾಂಗರ್‌ಗೆ ತೂಗುಹಾಕಬೇಕು. ಅಟ್ಟದ ಬದಲು ಅಡುಗೆಮನೆಯ ಬೆಚ್ಚಗಿನ ಗೋಡೆಯ ಮಗ್ಗುಲಿನ ಕೋಣೆ ವಾಸಿ, ಹೊಗೆ ತಾಗದಿದ್ದರೆ. ಮಾರುವ ಯೋಚನೆಯಿದ್ದರೆ ಸೆಪ್ಟೆಂಬರ್‌ನಲ್ಲಿ ಸರ್ವಿಸ್ ಮಾಡಿಸಿ, ಅದರ ರಸೀದಿಯ ಜೊತೆಗೆ ಮುರುಡೇಶ್ವರದ ಯಾವುದಾದರೂ ಡೈವ್ ಸೆಂಟರ್‌ನಲ್ಲಿ ವಿಚಾರಿಸಿ. ಸೀಸನ್ ತೆರೆಯುವ ಮುನ್ನ ಅವರಿಗೂ ಸಾಮಾನು ಬೇಕಿರುತ್ತದೆ, ಡಿಸೆಂಬರ್‌ನಲ್ಲಿ ಕೇಳಿದರೆ ಆ ಬೆಲೆ ಸಿಗುವುದಿಲ್ಲ.