‘ನಾನಾ?’

ಸೇನೆಯ ಮೆಡಿಕಲ್ ಬೋರ್ಡಿನ ಕಾಗದಗಳಲ್ಲಿ ಪದೇಪದೇ ಕಾಣುವ ಮುದ್ದಾದ ಪದವೊಂದಿದೆ: ನಾನಾ. ‘ನೈದರ್ ಆಟ್ರಿಬ್ಯೂಟಬಲ್ ನಾರ್ ಆಗ್ರವೇಟೆಡ್’ ಎಂಬ ನಾಲ್ಕು ಇಂಗ್ಲಿಷ್ ಪದಗಳ ತಲೆಯಕ್ಷರ ಜೋಡಿಸಿ ಮಾಡಿದ್ದು. ಈ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದರ್ಥ, ಹಾಗಾಗಿ ವೈಕಲ್ಯದ ಪಿಂಚಣಿ ಇಲ್ಲ ಎಂದು ಭಾವಾರ್ಥ. ಉಳಿದವರಿಗೆ ಇದು ಬರೀ ಸಂಕ್ಷೇಪ, ಕನ್ನಡ ಬಲ್ಲವರಿಗೆ ಇಡೀ ವ್ಯವಸ್ಥೆಯ ಆತ್ಮಕಥೆ. ಇಪ್ಪತ್ತು ವರ್ಷ ಫಿರಂಗಿ ಪಕ್ಕ ನಿಂತ ಗನ್ನರ್‌ನ ಕಿವಿ ಕೆಡಿಸಿದ್ದು ಯಾರಪ್ಪಾ ಎಂದರೆ, ಕಡತ ಎದೆ ಮೇಲೆ ಕೈಯಿಟ್ಟುಕೊಂಡು ಕೇಳುತ್ತದೆ: ‘ನಾನಾ?’

ಇದೇ ಗನ್ನರ್ ಭರ್ತಿಗೆ ಬಂದ ದಿನ ಎದೆ 77 ಸೆಂಟಿಮೀಟರ್ ಇದೆಯೇ, ಉಸಿರೆಳೆದರೆ ಇನ್ನೈದು ಉಬ್ಬುತ್ತದೆಯೇ ಎಂದು ಟೇಪು ಹಿಡಿದಿದ್ದರು. ಬಾಯಿ ತೆರೆಸಿ ಹಲ್ಲಿಗೆ 14 ಪಾಯಿಂಟ್ ಬರುತ್ತದೆಯೇ ಎಂದು ಎಣಿಸಿದ್ದರು. ಕಣ್ಣು, ಕಿವಿ, ಮಂಡಿ, ಪಾದ, ಒಂದನ್ನೂ ಬಿಡಲಿಲ್ಲ. ಜಾತ್ರೆಯಲ್ಲಿ ಎತ್ತು ಕೊಳ್ಳುವವನೂ ಅಷ್ಟು ನೋಡುವುದಿಲ್ಲ. ಅಂದು ಯಾರ ಕಣ್ಣಿಗೂ ಬೀಳದ ಕಾಯಿಲೆ, ಮನೆಗೆ ಕಳಿಸುವ ಹೊತ್ತಿಗೆ ಮಾತ್ರ ‘ಹುಟ್ಟಿನಿಂದಲೇ ಇದ್ದದ್ದು’ ಅಥವಾ ‘ಜೀವನಶೈಲಿಯಿಂದ ಬಂದದ್ದು’ ಆಗಿಬಿಡುತ್ತದೆ. ಬಿಪಿ ಇನ್ನೂ ಚೆಂದ. ಗಡಿಯಲ್ಲಿ ವರ್ಷಗಟ್ಟಲೆ ಇದ್ದು, ಕೆಳಗಿಳಿದು ಬಂದು ಊರಿನ ಕಂಟೋನ್ಮೆಂಟ್ ಆಸ್ಪತ್ರೆಯಲ್ಲಿ ಮೊದಲ ಸಲ ಅಳೆಸಿಕೊಂಡರೆ ‘ಪೀಸ್ ಸ್ಟೇಷನ್ನಿನಲ್ಲಿ ಶುರುವಾದದ್ದು, ನಾನಾ’ ಎಂದು ಷರಾ. ಬಿಪಿಯಂತೂ ಪೋಸ್ಟಿಂಗ್ ಆರ್ಡರ್ ನೋಡಿಕೊಂಡೇ ಏರಬೇಕು ನೋಡಿ.

ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಸೇರುವಾಗ ದಾಖಲೆಯಲ್ಲಿ ಬರೆಯದ ಕಾಯಿಲೆ ಸೇವೆಯಲ್ಲೇ ಬಂತೆಂದು ತಿಳಿಯಬೇಕು, ಅಲ್ಲವೆನ್ನುವ ಬೋರ್ಡು ಕಾರಣ ಬರೆಯಬೇಕು, ಅನುಮಾನವಿದ್ದರೆ ಲಾಭ ಸೈನಿಕನಿಗೆ ಎಂದು 2013ರ ಧರಮ್‌ವೀರ್ ಸಿಂಗ್ ತೀರ್ಪು ಹೇಳಿತು. 2014ರ ರಾಮ್ ಅವತಾರ್ ತೀರ್ಪು ಇನ್ನೊಂದು ಗಂಟು ಬಿಚ್ಚಿತು. ಶೇಕಡಾ 20ರಷ್ಟು ವೈಕಲ್ಯವಿದ್ದರೂ ಅದನ್ನು 50 ಎಂದೇ ಲೆಕ್ಕ ಹಿಡಿಯುವ ಸೌಲಭ್ಯ ಮಧ್ಯದಲ್ಲೇ ಮನೆಗೆ ಕಳಿಸಲ್ಪಟ್ಟವರಿಗಷ್ಟೇ ಅಲ್ಲ, ಅವಧಿ ಮುಗಿಸಿ ಬಂದವರಿಗೂ ಉಂಟು ಎಂದಿತು. ರೂಪಾಯಿಯಲ್ಲಿ ಹೇಳುವುದಾದರೆ, ಕೊನೆಯ ಸಂಬಳ 40,000 ಇದ್ದವರಿಗೆ ಪೂರ್ಣ ವೈಕಲ್ಯದ ದರ ಅದರ ಶೇ. 30, ಅಂದರೆ 12,000. ಶೇ. 20ಕ್ಕೆ 2,400. ಅದೇ 50ಕ್ಕೆ ಏರಿಸಿದರೆ 6,000. (2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆ, ಇದು ಅದಕ್ಕೂ ಮೊದಲು ಹೊರಬಂದವರ ಲೆಕ್ಕ.) ‘ನಾನಾ’ ಎಂದಾದರೆ ಇದರಲ್ಲಿ ಒಂದು ಕಾಸೂ ಇಲ್ಲ. ತಿಂಗಳಿಗೆ 6,000ರ ಈ ಮೊತ್ತ ಕೇಳಲು ಗನ್ನರ್ ಫೋನ್ ಎತ್ತಿಕೊಳ್ಳುತ್ತಾರೆ. ತಪ್ಪು ಶುರುವಾಗುವುದೇ ಅಲ್ಲಿ.

ಕಿವುಡಾದವರು ಕಿವುಡುತನದ ಪರಿಹಾರ ಕೇಳಲಿಕ್ಕೆ ನಾವು ಏರ್ಪಾಡು ಮಾಡಿರುವುದು ದೂರವಾಣಿ, ಅಂದರೆ ಪಿಂಚಣಿ ಸಹಾಯವಾಣಿ. ‘ನಮ್ಮ ಮೆನು ಬದಲಾಗಿದೆ, ದಯವಿಟ್ಟು ಗಮನವಿಟ್ಟು ಕೇಳಿ’ ಎನ್ನುವುದೇ ಅದರ ಮೊದಲ ಮಾತು. ಕೇಳುವಂತಿದ್ದರೆ ಅವರೇಕೆ ಕರೆ ಮಾಡುತ್ತಿದ್ದರು? ಒಂದು ಒತ್ತಿ, ನಾಲ್ಕು ಒತ್ತಿ, ಶಹನಾಯಿ ಮುಗಿದು, ಕೊನೆಗೂ ಮನುಷ್ಯರ ದನಿ.

‘ಸರ್, ನನ್ನ ದನಿ ಕೇಳಿಸ್ತಿದೆಯಾ?’

‘ಇಲ್ಲಮ್ಮಾ, ಅದಕ್ಕೇ ಫೋನ್ ಮಾಡಿರೋದು.’

‘ಸರಿಯಾಗಿ ಕೇಳಿಸೋ ಜಾಗಕ್ಕೆ ಬಂದು ಮಾತಾಡಿ ಸರ್.’

‘ಅಂಥ ಜಾಗ ಇದ್ದಿದ್ರೆ ಅಲ್ಲೇ ಮನೆ ಕಟ್ಟಿಸ್ತಿದ್ದೆ ತಾಯಿ. ಡಿಸೆಬಿಲಿಟಿ ಶೇಕಡಾ 20 ಇದೆ, ಐವತ್ತಕ್ಕೆ ರೌಂಡ್ ಮಾಡ್ಬೇಕಿತ್ತು.’

‘ನಿಮ್ಮ ಲೈಫ್ ಸರ್ಟಿಫಿಕೇಟ್ ಅಪ್‌ಡೇಟ್ ಆಗಿದೆ ಸರ್.’

‘ಸಂತೋಷ. ರೌಂಡಿಂಗು?’

‘ಬ್ಯಾಂಕ್ ಖಾತೆನೂ ಸರಿ ಇದೆ ಸರ್. ಬೇರೇನಾದ್ರೂ ಸಹಾಯ ಬೇಕಾ?’

ಆ ಹುಡುಗಿಯನ್ನು ಬೈದು ಪುಣ್ಯವಿಲ್ಲ. ಅವಳ ಮುಂದಿರುವ ಪರದೆಯಲ್ಲಿ ಕಾಣುವುದು ಪಿಪಿಓ ಎಂಬ ಪಿಂಚಣಿ ಆದೇಶದ ಸಂಖ್ಯೆ, ಖಾತೆ, ಮೊತ್ತ, ಲೈಫ್ ಸರ್ಟಿಫಿಕೇಟಿನ ತಾರೀಖು. ಬಿಡುಗಡೆಯ ಮೆಡಿಕಲ್ ಬೋರ್ಡು ನಮೂನೆ 16ರಲ್ಲಿ ಏನು ಬರೆದಿದೆ, ‘ಸೇವೆಗೆ ಸಂಬಂಧವಿಲ್ಲ’ ಎಂಬ ಅಂಕಣದ ಎದುರು ಕಾರಣ ಕೊಟ್ಟಿದ್ದಾರೋ ಖಾಲಿ ಬಿಟ್ಟಿದ್ದಾರೋ ಅವಳಿಗೆ ಕಾಣದು. ಅದು ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನ ಕಪಾಟಿನಲ್ಲಿದೆ. ಪೋಸ್ಟ್‌ಮ್ಯಾನ್‌ನನ್ನು ನಿಲ್ಲಿಸಿಕೊಂಡು ‘ಈ ಕಾಗದದಲ್ಲಿ ಹೀಗೇಕೆ ಬರೆದರು’ ಎಂದು ಕೇಳಿದಂತೆ ಇದು. ಆದರೆ ‘ಇದು ನಮ್ಮಲ್ಲಿ ಆಗೋ ಕೆಲಸ ಅಲ್ಲ’ ಎಂಬ ಒಂದೇ ಒಂದು ಉಪಕಾರದ ವಾಕ್ಯ ಅವಳ ಕೈಗೆ ಕೊಟ್ಟ ಪಾಠದಲ್ಲಿ ಇಲ್ಲ. ಅದರ ಬದಲು ‘ಟಿಕೆಟ್ ರೈಸ್ ಮಾಡಿದ್ದೇವೆ’ ಎಂದಿದೆ.

ನಮ್ಮೂರ ಬಾಗಿಲುಗಳ ಮೇಲೆ ಒಂದು ಕಾಲಕ್ಕೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವ ದಿನಾ ಬಂದು, ಓದಿಕೊಂಡು, ಮರ್ಯಾದೆಯಿಂದ ವಾಪಸು ಹೋಗುತ್ತಿತ್ತು. ಟಿಕೆಟ್ ನಂಬರ್ ಎಂಬುದು ಅದೇ ಬರಹ, ಎಸ್ಸೆಮ್ಮೆಸ್ ರೂಪದಲ್ಲಿ. ದೆವ್ವಕ್ಕೆ ಕಾಲಮಿತಿ ಇರಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಪಿಂಚಣಿ ನಿರಾಕರಿಸಿದ ಪತ್ರ ಕೈಸೇರಿದ ಮೇಲೆ ಮೊದಲ ಮೇಲ್ಮನವಿಗೆ ಆರು ತಿಂಗಳು, ಅದೂ ತಿರಸ್ಕೃತವಾದರೆ ಎರಡನೆಯದಕ್ಕೆ ಮತ್ತಾರು. ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ತಡವಾಗಿ ಹೋದರೆ ಗೆದ್ದರೂ ಬಾಕಿ ಸಾಮಾನ್ಯವಾಗಿ ಹಿಂದಿನ ಮೂರು ವರ್ಷದ್ದು ಮಾತ್ರ, 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ. ಮೂರು ವರ್ಷ ದಾಟಿದ ಮೇಲೆ ಫೋನಿನಲ್ಲಿ ಕಳೆದ ಒಂದೊಂದು ತಿಂಗಳಿಗೂ 6,000 ಕೈಬಿಟ್ಟಂತೆ. ಇಷ್ಟು ದುಬಾರಿ ಕರೆ ಟ್ರಂಕ್ ಕಾಲ್ ಕಾಲದಲ್ಲೂ ಇರಲಿಲ್ಲ, ಆದರೂ ಹೆಸರು ಟೋಲ್ ಫ್ರೀ.

ಕಾನೂನಿನ ತಮಾಷೆ ಇನ್ನೂ ಇದೆ. ಬರೆದುಕೊಟ್ಟ ಮನವಿಗೆ ಆರು ತಿಂಗಳು ಉತ್ತರ ಬಾರದಿದ್ದರೆ ಆ ಮೌನವನ್ನೇ ಹಿಡಿದು ನ್ಯಾಯಮಂಡಳಿಯ ಬಾಗಿಲು ತಟ್ಟಬಹುದು, ಆ ನ್ಯಾಯಮಂಡಳಿಯದೇ 2007ರ ಕಾಯ್ದೆಯ 21ನೇ ಕಲಮು ಅದಕ್ಕೆ ದಾರಿ ಬಿಟ್ಟಿದೆ. ಅಂದರೆ ಸರ್ಕಾರದ ಮೌನಕ್ಕೂ ಬೆಲೆ ಉಂಟು, ಅದು ಕಾಗದಕ್ಕೆ ಕೊಟ್ಟ ಮೌನವಾಗಿದ್ದರೆ. ಫೋನಿನಲ್ಲಿ ನಲವತ್ತು ನಿಮಿಷ ಸವಿಯಾಗಿ ಆಡಿದ ಮಾತಿಗೆ ಮೂರು ಕಾಸಿನ ಬೆಲೆಯೂ ಇಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದನ್ನು ಇಷ್ಟು ಅಕ್ಷರಶಃ ಜಾರಿಗೆ ತಂದ ಇಲಾಖೆ ಬೇರೆ ಇರಲಾರದು.

ಹಾಗಾಗಿ ಬಲ್ಲವರು ಫೋನ್ ಇಟ್ಟು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಕೊಳ್ಳುತ್ತಾರೆ. ಮಾಹಿತಿ ಹಕ್ಕಿನಡಿ ರೆಕಾರ್ಡ್ ಆಫೀಸಿಗೆ ಅರ್ಜಿ ಹಾಕಿ ಬೋರ್ಡಿನ ಪೂರ್ತಿ ನಡಾವಳಿಯ ನಕಲು, ಭರ್ತಿಯ ದಿನದ ವೈದ್ಯಕೀಯ ವರದಿ, ಪೋಸ್ಟಿಂಗುಗಳ ಪಟ್ಟಿ ಕೇಳುತ್ತಾರೆ. ಉತ್ತರಕ್ಕೆ 30 ದಿನ. ಪೆಟ್ಟಾದದ್ದಾಗಿದ್ದರೆ ಐಎಎಫ್‌ವೈ-2006 ಎಂಬ ಗಾಯದ ವರದಿಯನ್ನೂ ಕೇಳಬೇಕು. ಆಗ ಕಂಪನಿ ಗುಮಾಸ್ತ ಅದನ್ನು ತುಂಬಲು ಮರೆತಿದ್ದರೆ ಮುರಿದ ಕಾಲು ಕಾಗದದ ಮೇಲೆ ಇನ್ನೂ ನೆಟ್ಟಗೇ ಇರುತ್ತದೆ. ಹೃದಯಾಘಾತವಾದರೆ ಅದಕ್ಕೂ ಹಿಂದಿನ 14 ದಿನ ಯಾವ ಡ್ಯೂಟಿಯಲ್ಲಿದ್ದರು ಎಂಬ ಪಟ್ಟಿ ನೋಡುತ್ತಾರೆ. ಹದಿನೈದನೇ ದಿನ ಪಟ್ಟ ಪಾಡನ್ನು ಹೃದಯ ಮರೆತಿರುತ್ತದೆ ಎಂದು ನಂಬಿಕೆ. ಇವೆಲ್ಲ ಕೈಗೆ ಬಂದ ಮೇಲೆ ಮೇಲ್ಮನವಿ ಎರಡೇ ಪುಟ ಸಾಕು, ಸ್ಪೀಡ್ ಪೋಸ್ಟಿನ ರಸೀದಿ ಮಾತ್ರ ಪ್ರಾಣ ಹೋದರೂ ಕಳೆಯಬಾರದು. ಆರು ತಿಂಗಳ ಗಡುವು ಹತ್ತಿರವಿದ್ದರೆ ನಕಲಿಗೆ ಕಾಯದೆ ಮೊದಲು ಮೇಲ್ಮನವಿ ಹಾಕಿ, ದಾಖಲೆ ಆಮೇಲೆ ಸೇರಿಸುತ್ತೇವೆ ಎಂದು ಅದರಲ್ಲೇ ಬರೆಯುವುದು ಜಾಣತನ.

ಇತ್ತ ಗನ್ನರ್ ಅವರ ಟಿಕೆಟ್ಟಿನ ಕಥೆ ಏನಾಯಿತು ಎಂದರೆ, ಸಹಾಯವಾಣಿಯವರು ಮಾತು ತಪ್ಪಲಿಲ್ಲ. ಮೂರನೇ ದಿನ ಬೆಳಿಗ್ಗೆ ವಾಪಸು ಕರೆ ಮಾಡಿದರು. ಫೋನು ಹಾಲಿನ ಮೇಜಿನ ಮೇಲೆ ಎರಡು ಸಲ ಪೂರ್ತಿ ಬಡಿದುಕೊಂಡಿತು. ಗನ್ನರ್ ಅದೇ ಹಾಲಿನಲ್ಲಿ ಕೂತು ಪೇಪರ್ ಓದುತ್ತಿದ್ದರು. ಸಂಜೆ ಎಸ್ಸೆಮ್ಮೆಸ್ ಬಂತು: ‘ಕರೆಗೆ ಅರ್ಜಿದಾರರಿಂದ ಪ್ರತಿಕ್ರಿಯೆ ಬಾರದ ಕಾರಣ ನಿಮ್ಮ ದೂರನ್ನು ಇತ್ಯರ್ಥಪಡಿಸಲಾಗಿದೆ.’