ಶೇಕಡಾ ಮೂರರ ತಕರಾರು

ಜುಲೈ ತಿಂಗಳ ಸಂಬಳದ ಚೀಟಿ ಕೈಗೆ ಬಂದ ಮೇಲಿನ ದಿನಗಳಲ್ಲಿ, ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿಗೆ ಹೊರಡುವ ಬೆಳಗಿನ ಫಾಸ್ಟ್ ಲೋಕಲ್ಲಿನಲ್ಲಿ ಕನ್ನಡಿಗರ ಗುಂಪು ಮಳೆಯನ್ನೂ ಕ್ರಿಕೆಟ್ಟನ್ನೂ ಬದಿಗಿಟ್ಟು ಇನ್‌ಕ್ರಿಮೆಂಟಿನ ಮಾತಿಗೆ ಇಳಿಯುತ್ತದೆ. ಅವರಲ್ಲಿ ರೈಲ್ವೆಯವರು, ಕಸ್ಟಮ್ಸಿನವರು, ಅಂಚೆ ಇಲಾಖೆಯವರು ಎಲ್ಲರೂ ಇದ್ದಾರೆ; ಊರಿನ ಲೆಕ್ಕದಲ್ಲಿ ಉಡುಪಿಯವರು, ಧಾರವಾಡದವರು, ಕಲಬುರಗಿಯವರು. ತಮಗೆ ಬಂದದ್ದು ಸಾಲದು ಎಂಬ ದೂರು ಎಲ್ಲರಿಗೂ ಇದೆ, ಆದರೆ ಜಗಳ ಅದರ ಮೇಲಲ್ಲ. ಪಕ್ಕದವನಿಗೆ ಎಷ್ಟು ಹೆಚ್ಚಾಯಿತೆಂದು ತಿಳಿಯುವವರೆಗೆ ತನಗೆ ಹೆಚ್ಚಾದದ್ದರ ರುಚಿ ಯಾರ ನಾಲಿಗೆಗೂ ಹತ್ತುವುದಿಲ್ಲ.

ನಿಯಮವೇನೋ ಸರಳವಾಗಿಯೇ ಇದೆ. 2016ರ ಜನವರಿಯಿಂದ ಲೆಕ್ಕಕ್ಕೆ ಬಂದ ಏಳನೆಯ ವೇತನ ಆಯೋಗದ ಕೋಷ್ಟಕದಲ್ಲಿ ಕೇಂದ್ರ ಸರ್ಕಾರದ ನೌಕರ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ತನ್ನ ಹಂತದ (ಲೆವೆಲ್ಲಿನ) ಸಾಲಿನಲ್ಲಿ ಒಂದು ಮನೆ ಕೆಳಗಿಳಿಯುತ್ತಾನೆ, ಮೂಲವೇತನ ಶೇಕಡಾ ಮೂರರಷ್ಟು ಮೇಲೇರುತ್ತದೆ, ಬಂದ ಮೊತ್ತವನ್ನು ಹತ್ತಿರದ ನೂರಕ್ಕೆ ಸರಿಹೊಂದಿಸಲಾಗುತ್ತದೆ. ಹೀಗೆ ಒಂದನೆಯ ಹಂತದ ಮೊದಲ ಮನೆಯಲ್ಲಿರುವ ಎಂಟಿಎಸ್ (ಮಲ್ಟಿ ಟಾಸ್ಕಿಂಗ್ ಸ್ಟಾಫ್) ನೌಕರನ 18,000 ರೂಪಾಯಿ 18,500 ಆಗುತ್ತದೆ. ಹದಿನಾಲ್ಕನೆಯ ಹಂತದ ಸಾಹೇಬರ 1,44,200 ರೂಪಾಯಿ 1,48,500 ಆಗುತ್ತದೆ. ಒಬ್ಬರಿಗೆ 500, ಇನ್ನೊಬ್ಬರಿಗೆ 4,300. “ಕೊತ್ತಂಬರಿ ಸೊಪ್ಪಿಗೆ ಸಾಹೇಬರ ಹತ್ತಿರ ಬೇರೆ ದರ ಕೇಳ್ತಾರೇನ್ರೀ?” ಎಂದು ಧಾರವಾಡದವರು ಕೇಳಿದರೆ, ಮೇಲಿನ ಹಂತದವರು ಪ್ರಮಾಣ ಎಲ್ಲರಿಗೂ ಒಂದೇ ಅಲ್ಲವೇ ಎಂದು ಸಮಾಧಾನ ಹೇಳುತ್ತಾರೆ. (ಒಂದೇ ಎಂಬುದೂ ಪೂರ್ತಿ ನಿಜವಲ್ಲ: 18,000ಕ್ಕೆ ಶೇಕಡಾ ಮೂರೆಂದರೆ 540, ನೂರಕ್ಕೆ ಸರಿಹೊಂದಿಸುವ ಭರದಲ್ಲಿ ಆ ನಲವತ್ತು ರೂಪಾಯಿ ಮಾಯವಾಗಿ, ಮರುವರ್ಷ 555ಕ್ಕೆ ಬದಲು 600 ಆಗಿ ಮರಳುತ್ತದೆ.)

ರೂಪಾಯಿಯ ಲೆಕ್ಕವೇ ನ್ಯಾಯವೆನ್ನುವವರು ಹಳೆಯ ಶ್ರೇಣಿಗಳನ್ನು ಒಮ್ಮೆ ನೆನೆಯಬೇಕು. ನಾಲ್ಕನೆಯ ಆಯೋಗದ ಕಾಲದಲ್ಲಿ ಕಿರಿಯ ಗುಮಾಸ್ತನ ಶ್ರೇಣಿಯನ್ನು 950-20-1150-ಇಬಿ-25-1500 ಎಂದು ಬರೆಯುತ್ತಿದ್ದರು: 950ರಿಂದ 1,150ರವರೆಗೆ ವರ್ಷಕ್ಕೆ ಇಪ್ಪತ್ತು, ಅಲ್ಲಿಂದ 1,500ರವರೆಗೆ ಇಪ್ಪತ್ತೈದು. 950 ರೂಪಾಯಿಯ ಮೇಲೆ ಇಪ್ಪತ್ತೆಂದರೆ ಶೇಕಡಾ ಎರಡಕ್ಕಿಂತ ತುಸು ಹೆಚ್ಚು. ಅದೇ ಇಪ್ಪತ್ತು 1,130ರ ಮೇಲೆ ಎರಡಕ್ಕೂ ಕಡಿಮೆ. ವರ್ಷಗಳು ಸಂದಂತೆ ಮನೆಯ ಖರ್ಚು ಬೆಳೆಯುತ್ತಿತ್ತು, ಇನ್‌ಕ್ರಿಮೆಂಟು ಮಾತ್ರ ನಿಂತಲ್ಲೇ ನಿಂತು ಸವೆಯುತ್ತಿತ್ತು. 2006ರಿಂದ ಆರನೆಯ ಆಯೋಗದ ಶೇಕಡಾ ಮೂರು ಜಾರಿಗೆ ಬಂದಾಗ ಸಾಹೇಬರಿಗೆ ಹೆಚ್ಚು ಲಾಭವಾಯಿತೆಂಬುದು ಸರಿ, ಆದರೆ ಗುಮಾಸ್ತನಿಗೆ ನಷ್ಟವಾಗಲಿಲ್ಲ ಎಂಬುದೂ ಅಷ್ಟೇ ಸರಿ.

ಆ ಶ್ರೇಣಿಯ ನಡುವೆ ಕುಳಿತಿದ್ದ ಇಬಿ ಎಂಬ ಎರಡಕ್ಷರವನ್ನು ಇಂದಿನ ತರುಣರು ಕಂಡಿಲ್ಲ. ಅದು ಎಫಿಶಿಯನ್ಸಿ ಬಾರ್. 1,150 ರೂಪಾಯಿ ಮುಟ್ಟಿದ ಗುಮಾಸ್ತ ಅದರಾಚೆಗೆ ಕಾಲಿಡಬೇಕಾದರೆ ಆತ ಕೆಲಸದಲ್ಲಿ ಸಮರ್ಥನೆಂದು ಮೇಲಿನವರು ಒಪ್ಪಬೇಕಾಗಿತ್ತು. ಒಪ್ಪದಿದ್ದರೆ ಟೋಲ್ ನಾಕೆಯ ಮುಂದಿನ ಲಾರಿಯಂತೆ ಅಲ್ಲಿಯೇ ನಿಲ್ಲಬೇಕಾಗಿತ್ತು. ದುಡಿಯುವವನಿಗೂ ಕುರ್ಚಿಯ ಬೆನ್ನಿಗೆ ಕೋಟು ನೇತುಹಾಕಿ ಚಹಾಕ್ಕೆ ಹೋಗುವವನಿಗೂ ಒಂದೇ ಏರಿಕೆ ಕೊಡುವುದು ಯಾವ ನ್ಯಾಯ ಎಂದು ಲೋಕಲ್ಲಿನಲ್ಲಿ ಗುಡುಗುವವರ ಬಯಕೆಯೂ ಹೆಚ್ಚುಕಡಿಮೆ ಈ ನಾಕೆಯೇ. ಆದರೆ ಐದನೆಯ ಆಯೋಗದ ಶ್ರೇಣಿಗಳು ಬಂದಾಗ, ಅಂದರೆ 1996ರಿಂದ, ಅದನ್ನು ಕಿತ್ತುಹಾಕಿದ್ದಕ್ಕೆ ಯಾರೂ ಕಣ್ಣೀರು ಹಾಕಿದಂತೆ ಕಾಣೆ. ಈಗಲೂ ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ ಹತ್ತಕ್ಕೆ ಇಷ್ಟೆಂದು ಅಂಕ ಕೊಡುವ ಪದ್ಧತಿ ಇದೆಯಲ್ಲ, ಆ ಅಂಕವನ್ನು ಕೊಡುವ ಸಾಹೇಬರ ಕೈಗೆ ಇನ್‌ಕ್ರಿಮೆಂಟನ್ನೂ ಒಪ್ಪಿಸೋಣವೇ ಎಂದು ಕೇಳಿ ನೋಡಿ: ಗುಡುಗಿದವರೇ ಮೊದಲು ಕಿಟಕಿಯಾಚೆ ನೋಡುತ್ತಾರೆ. ಸೋಮಾರಿಗೂ ಸಲ್ಲುವ ಕುರುಡು ಏರಿಕೆ, ಸಾಹೇಬರ ಮನೆಯ ಮದುವೆಗೆ ಓಡಾಡಿದವನಿಗೆ ಮಾತ್ರ ಸಲ್ಲುವ ಕಣ್ಣುಳ್ಳ ಏರಿಕೆಗಿಂತ ಎಷ್ಟೋ ಮೇಲೆಂಬ ಪಕ್ಷ ನನ್ನದು.

ನಿಜವಾದ ಅನ್ಯಾಯ ಇರುವುದು ಶೇಕಡಾವಾರಿನಲ್ಲಿ ಅಲ್ಲ, ಪಂಚಾಂಗದಲ್ಲಿ. ಹಿಂದೆ ಅವರವರು ಕೆಲಸಕ್ಕೆ ಸೇರಿದ ತಿಂಗಳಿಗೆ ಅವರವರ ಏರಿಕೆ ಬರುತ್ತಿತ್ತು. ಆರನೆಯ ಆಯೋಗ ಎಲ್ಲರನ್ನೂ ಜುಲೈ 1ಕ್ಕೆ ಕಟ್ಟಿತು. ಏಳನೆಯದು ಜನವರಿ 1 ಮತ್ತು ಜುಲೈ 1 ಎಂದು ಎರಡು ಗೂಟ ನೆಟ್ಟಿತು. ಈ ನಿಯಮದಂತೆ ಜನವರಿ 1ರಂದು ಕೆಲಸಕ್ಕೆ ಸೇರಿದವನಿಗೆ ಆರೇ ತಿಂಗಳಲ್ಲಿ ಮೊದಲ ಇನ್‌ಕ್ರಿಮೆಂಟು. ಜನವರಿ 2ರಂದು ಸೇರಿದವನಿಗೆ ಮುಂದಿನ ಜನವರಿಯೇ ಗತಿ.

ನಿವೃತ್ತಿಯ ಕಡೆಯಿಂದ ನೋಡಿದರೆ ಇದು ಇನ್ನೂ ಸ್ವಾರಸ್ಯವಾಗಿದೆ. ವರ್ಷವಿಡೀ ದುಡಿದು ಜೂನ್ 30ಕ್ಕೆ ನಿವೃತ್ತನಾದವನು ಜುಲೈ 1ರಂದು ಸೇವೆಯಲ್ಲೇ ಇಲ್ಲದ್ದರಿಂದ ಏರಿಕೆಯೂ ಇಲ್ಲವೆಂದು ಇಲಾಖೆಗಳು ಬಹುಕಾಲ ಹೇಳುತ್ತಿದ್ದವು. ಇಂಥದೇ ತಕರಾರಿನಲ್ಲಿ ಕರ್ನಾಟಕದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್‌ನ ನೌಕರರು ಹೈಕೋರ್ಟಿನಲ್ಲಿ ಗೆದ್ದಾಗ, ನಿಗಮ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2023ರ ಏಪ್ರಿಲ್ 11ರಂದು ನ್ಯಾಯಾಲಯ, ಆ ಇನ್‌ಕ್ರಿಮೆಂಟು ಮುಗಿದ ವರ್ಷದ ದುಡಿಮೆಯ ಗಳಿಕೆ, ಮರುದಿನದ ಹಾಜರಿಯ ಫಲವಲ್ಲ ಎಂದು ತೀರ್ಪಿತ್ತಿತು. ಬಳಿಕ ಕೇಂದ್ರ ಸರ್ಕಾರವೂ ಪಿಂಚಣಿಯ ಲೆಕ್ಕಕ್ಕೆ ಅದನ್ನು ಒಪ್ಪಿಕೊಂಡಿತು. ಮೊಕದ್ದಮೆ ನಮ್ಮವರದೆಂದು ಲೋಕಲ್ಲಿನಲ್ಲಿ ಸ್ವಲ್ಪ ಹೆಮ್ಮೆಯೂ ಉಂಟು.

ಆದರೂ ಒಂದು ಪಂಗಡ ಹೊರಗೇ ಉಳಿಯಿತು. ಊರಿನ ಶಾಲೆಯ ಮಾಸ್ತರರು ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಜೂನ್ 1 ಎಂದು ಬರೆದುಕೊಂಡದ್ದು ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ಸಂಗತಿ. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರಾಗಬೇಕೆಂಬ ನಿಯಮವಿರುವುದರಿಂದ ಇವರು ಹೊರಬೀಳುವುದು ಮೇ 31ಕ್ಕೆ. ಜುಲೈಗೆ ಏರಿಕೆ ಪಡೆಯುವವರಾದರೆ ಹನ್ನೊಂದು ತಿಂಗಳು ದುಡಿದು ಬರಿಗೈ. ಮಾಸ್ತರರು ಜೂನ್ 2 ಎಂದು ಬರೆದಿದ್ದರೆ ಜೀವಮಾನದ ಪಿಂಚಣಿಯೇ ಮೇಲಾಗುತ್ತಿತ್ತು. “ಮಾಸ್ತರಿಗೆ ಒಂದು ದಿನ ಆಚೆ ಬರೆಯಲಿಕ್ಕೆ ಏನು ಕಷ್ಟ ಇತ್ತು ಮಾರಾಯ್ರೆ” ಎಂದು ಉಡುಪಿಯವರು ನಿಟ್ಟುಸಿರಿಟ್ಟರೆ ಯಾರೂ ನಗುವುದಿಲ್ಲ, ಏಕೆಂದರೆ ಬೋಗಿಯಲ್ಲಿ ಜೂನ್ 1ರವರು ಸಾಕಷ್ಟು ಮಂದಿ.

ಈಗ ಎಂಟನೆಯ ಆಯೋಗ ಬಂದಿದೆ. ಅಧ್ಯಕ್ಷೆ ನಿವೃತ್ತ ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಒಂದು ಕಾಲಕ್ಕೆ ಬಾಂಬೆ ಹೈಕೋರ್ಟಿನಲ್ಲಿದ್ದವರಾದ್ದರಿಂದ, ಡೊಂಬಿವಲಿಯವರ ಸಂಕಟ ತಿಳಿದೀತೆಂದು ಗುಂಪಿಗೆ ಆಸೆ ಹುಟ್ಟಿದೆ. ಕೆಳಗಿನ ಹಂತದವರಿಗೆ ರೂಪಾಯಿಯಲ್ಲಿ ಕನಿಷ್ಠ ಏರಿಕೆಯೊಂದನ್ನು ಗೊತ್ತುಮಾಡಿ, ಮೇಲಿನವರಿಗೆ ಮಾತ್ರ ಶೇಕಡಾವಾರು ಇರಲಿ ಎಂದು ಮನವಿ ಬರೆಯುವುದಕ್ಕೆ ಎಲ್ಲರೂ ಒಪ್ಪಿದ್ದಾರೆ. ಕೆಳಗು ಎಲ್ಲಿಗೆ ಮುಗಿಯುತ್ತದೆ ಎಂಬ ಒಂದು ಸಾಲು ಮಾತ್ರ ಬಾಕಿ: ಆರನೆಯ ಹಂತದವರು ಆರಕ್ಕೆ ಎನ್ನುತ್ತಾರೆ, ಏಳನೆಯ ಹಂತದವರು ಏಳಕ್ಕೆ.