ಮೈನಸ್ 14, ನಮಸ್ಕಾರ

ಹ್ಯಾಮ್ ರೇಡಿಯೊ ಮಂದಿ, ಅಂದರೆ ಹವ್ಯಾಸಕ್ಕೆ ರೇಡಿಯೊ ಸಂಪರ್ಕ ನಡೆಸುವವರು, ಕಡೆಗೂ ಮಾತಾಡುವ ಕಷ್ಟದಿಂದ ಪಾರಾದರು. ಆ ಕಷ್ಟ ನೂರು ವರ್ಷಕ್ಕೂ ಹಳೆಯದು. ಮೊದಲು ಮೋರ್ಸ್ ಕೀ ಕುಟ್ಟಿ ಕುಟ್ಟಿ ಮಣಿಕಟ್ಟು ಸವೆಸಿದರು. ಆಮೇಲೆ ಮೈಕ್ ಹಿಡಿದು, ಗೊರಗೊರ ಸದ್ದಿನ ನಡುವೆ ಗಂಟಲು ಹರಿದುಕೊಂಡರು. ಟೆಲಿಪ್ರಿಂಟರ್ ತಂದಿಟ್ಟುಕೊಂಡು 45.45 ಬಾಡ್ ವೇಗದಲ್ಲಿ ಕಟಕಟ ಹೊಡೆದರು. ತೊಂಬತ್ತರ ದಶಕದ ಕೊನೆಗೆ ಪೀಟರ್ ಮಾರ್ಟಿನೆಜ್ ಎಂಬ ಹ್ಯಾಮ್ ಪಿಎಸ್‌ಕೆ31 ಕೊಟ್ಟಾಗ ಕೀಬೋರ್ಡಿನಲ್ಲೇ ಖಂಡಾಂತರ ಹರಟೆ ಶುರುವಾಯಿತು: ಇಲ್ಲಿ ಮಳೆ, ಅಲ್ಲಿ ಬಿಸಿಲು, ನನ್ನ ಆಂಟೆನಾ ಇಷ್ಟು ಉದ್ದ, ನಿಮ್ಮ ಮಂಡಿನೋವು ಹೇಗಿದೆ. ಎಂಥ ಹಿಂಸೆ! 2017ರಲ್ಲಿ, ಕಂಪ್ಯೂಟರುಗಳೇ ಚುಟುಕು ಸಂದೇಶ ಅದಲುಬದಲು ಮಾಡಿಕೊಳ್ಳುವ ವಿಧಾನವಾದ ಎಫ್‌ಟಿ8 ಬಂತು. ಮಂಡಿನೋವು ಯಾರದೇ ಇರಲಿ, ಇನ್ನು ವಿಚಾರಿಸಬೇಕಾಗಿಲ್ಲ.

ಎಫ್‌ಟಿ8ನಲ್ಲಿ ಇಬ್ಬರು ಹ್ಯಾಮ್‌ಗಳು ಭೇಟಿಯಾಗುವ ಸಂಭ್ರಮ ನೋಡಬೇಕು. ಒಬ್ಬರ ಕಂಪ್ಯೂಟರ್ 'ಸಿಕ್ಯೂ' ಎನ್ನುತ್ತದೆ, ಯಾರಾದರೂ ಇದ್ದೀರಾ ಎಂದು. ಇನ್ನೊಬ್ಬರ ಕಂಪ್ಯೂಟರ್ ತನ್ನ ಕಾಲ್‌ಸೈನ್ ಮತ್ತು ಗ್ರಿಡ್ ಒಪ್ಪಿಸುತ್ತದೆ, ಅಂದರೆ ಪರವಾನಗಿಯ ಗುರುತು ಮತ್ತು ಭೂಪಟದಲ್ಲಿ ತಾನಿರುವ ಚೌಕದ ಸಂಕೇತ. 'ಮೈನಸ್ 14.' 'ಆರ್ ಮೈನಸ್ 9.' 'ಆರ್‌ಆರ್73.' '73', ಅಂದರೆ ಶುಭಾಶಯ. ಮುಗಿಯಿತು. ಪ್ರತಿ ಸಾಲಿಗೂ 15 ಸೆಕೆಂಡಿನ ಸರದಿ, 12.64 ಸೆಕೆಂಡು ಊದುವುದು, ಮಿಕ್ಕಿದ್ದರಲ್ಲಿ ಉಸಿರು ಬಿಡುವುದು. ಒಂದೂವರೆ ನಿಮಿಷದಲ್ಲಿ ಸ್ನೇಹ ಹುಟ್ಟಿ, ಬೆಳೆದು, ಸಂಪರ್ಕಗಳ ಲಾಗ್ ಪುಸ್ತಕ ಸೇರಿ, ಕಾಲವಾಗಿರುತ್ತದೆ. ಮೈನಸ್ 14 ಎಂದರೆ ನಿಮ್ಮ ಸಿಗ್ನಲ್ ನನ್ನ ಕಡೆಯ ಗದ್ದಲಕ್ಕಿಂತ 14 ಡೆಸಿಬೆಲ್ ಕೆಳಗಿದೆ ಎಂದು. ನೀವು ನನ್ನ ಕಿವಿಗೆ ಹೆಚ್ಚುಕಡಿಮೆ ಕೇಳಿಸುತ್ತಲೇ ಇಲ್ಲ ಎಂಬುದನ್ನು ಇಷ್ಟು ಗೌರವದಿಂದ ತಿಳಿಸುವ ಪದ್ಧತಿ ಬೇರೆಲ್ಲೂ ಕಾಣೆ.

ಹಳಬರು ಮೀಸೆಯಡಿ ನಗಬೇಕಿಲ್ಲ. ಮೋರ್ಸ್ ಸ್ಪರ್ಧೆಗಳಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕಣ್ಣುಮುಚ್ಚಿ 599 ಕೊಟ್ಟು, ಅಂದರೆ ನಿಮ್ಮ ಸಿಗ್ನಲ್ ಪರಮ ಸ್ಪಷ್ಟ ಎಂದು ಹೊಗಳಿ, ಮರುಕ್ಷಣವೇ 'ಕಾಲ್‌ಸೈನ್ ಏನಂದಿರಿ?' ಎಂದು ಕೇಳಿದವರು ಅವರೇ. ಆದರೂ ಆ ಸುಳ್ಳಿನಲ್ಲಿ ಒಂದು ಸೌಜನ್ಯ ಇತ್ತು.

ಮನಸ್ಸು ಬಿಚ್ಚಲು ಎಫ್‌ಟಿ8ನಲ್ಲಿ ಜಾಗವೇ ಇಲ್ಲ ಎಂದು ದೂರುವುದು ಅನ್ಯಾಯ. ಅದಕ್ಕೆಂದೇ ತಂತ್ರಾಂಶದಲ್ಲಿ ಒಂದು ಖಾಲಿ ಕಿಂಡಿ ಬಿಟ್ಟಿದ್ದಾರೆ. ಏನು ಬೇಕಾದರೂ ಬರೆಯಿರಿ, 13 ಅಕ್ಷರ ಮೀರದಿದ್ದರೆ ಸಾಕು. ಪದಗಳ ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ. ರೋಮನ್ ದೊಡ್ಡಕ್ಷರಗಳು, ಅಂಕಿಗಳು, ಚುಕ್ಕಿ, ಓರೆಗೆರೆ, ಪ್ಲಸ್, ಮೈನಸ್, ಪ್ರಶ್ನಾರ್ಥಕ, ಇಷ್ಟಕ್ಕೆ ಅನುಮತಿ. ಆಶ್ಚರ್ಯಸೂಚಕ ಇಲ್ಲ. ಆಶ್ಚರ್ಯ ಆಗುವ ಸಂಭವವೇ ಇಲ್ಲದ ಕಡೆ ಅದನ್ನಿಟ್ಟು ಮಾಡುವುದಾದರೂ ಏನು? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂಬ ಗಾದೆಯನ್ನು 77 ಬಿಟ್‌ಗಳಲ್ಲಿ ಜಾರಿಗೆ ತಂದದ್ದು ಇವರೊಬ್ಬರೇ.

ಇದರಲ್ಲಿ ಎಫ್‌ಟಿ8 ಕಟ್ಟಿದವರ ತಪ್ಪೇನೂ ಇಲ್ಲ. ಜೋ ಟೇಲರ್ ಜೋಡಿ ಪಲ್ಸಾರ್ ಪತ್ತೆ ಮಾಡಿದ್ದಕ್ಕೆ 1993ರಲ್ಲಿ ನೊಬೆಲ್ ಹಂಚಿಕೊಂಡ ಭೌತವಿಜ್ಞಾನಿ. ಆಕಾಶದ ಪಿಸುಮಾತು ಹಿಡಿಯುವುದೇ ಕಸುಬು. ಚಂದ್ರನಿಗೆ ಬಡಿದು ಸುಮಾರು ಎರಡೂವರೆ ಸೆಕೆಂಡಿನ ಮೇಲೆ ಮರಳಿ ಬರುವ, ಇದೆಯೋ ಇಲ್ಲವೋ ಎಂಬಷ್ಟು ಕ್ಷೀಣವಾದ ಸಿಗ್ನಲ್ಲನ್ನೂ ಅವರ ಜೆಟಿ65 ವಿಧಾನ ಹೆಕ್ಕಿ ಓದುತ್ತದೆ. ಆಮೇಲೆ ಸ್ಟೀವ್ ಫ್ರಾಂಕ್ ಜೊತೆ ಸೇರಿ ಮಾಡಿದ್ದು ಎಫ್‌ಟಿ8. ಐವತ್ತು ಹರ್ಟ್ಸ್ ಅಗಲದಲ್ಲಿ ಎಂಟು ಸ್ವರ, ಜೊತೆಗೆ ದೋಷ ತಿದ್ದುವ ಗಣಿತ. ಬಾಲ್ಕನಿಗೆ ಒಂದು ತಂತಿ ಕಟ್ಟಿ ಐದು ವ್ಯಾಟ್ ಬಿಡುವವರಿಗೂ ಇದರಿಂದ ಸಾಗರದಾಚೆಯ ನಂಟು ಸಿಕ್ಕಿತು. ಪಿಸುಮಾತು ಕೇಳಿಸುವ ವಿದ್ಯೆ ಕೈಗೆ ಬಂದೊಡನೆ ಮಿಕ್ಕವರು ಮಾಡಿದ್ದೇನು? ಆಂಪ್ಲಿಫೈಯರ್ ಹಚ್ಚಿ ಕಿಲೋವ್ಯಾಟಿನಲ್ಲಿ ಪಿಸುಗುಟ್ಟತೊಡಗಿದರು. ಅದೂ ಎಲ್ಲರೂ 14.074 ಮೆಗಾಹರ್ಟ್ಸ್‌ನ ಮೇಲಿನ ಅದೇ ಮೂರು ಕಿಲೋಹರ್ಟ್ಸ್ ಓಣಿಯಲ್ಲಿ, ಒಬ್ಬರ ಕಾಲನ್ನೊಬ್ಬರು ತುಳಿಯುತ್ತ. ಉಳಿದ ಬ್ಯಾಂಡ್ ಬಿಕೋ ಎನ್ನುತ್ತಿರುತ್ತದೆ. ಅತ್ತ ಒಮ್ಮೆ ಡಯಲ್ ತಿರುಗಿಸಿ 'ಬ್ಯಾಂಡ್ ಸತ್ತಿದೆ' ಎಂದು ನಿಟ್ಟುಸಿರಿಟ್ಟು ಮತ್ತೆ ಓಣಿಗೇ ಬರುತ್ತಾರೆ.

ಹಾಗಾದರೆ ಆಪರೇಟರ್‌ಗೆ ಕೆಲಸವೇನು? ಈ ಅನುಮಾನ ತಂತ್ರಾಂಶ ಬರೆದವರಿಗೂ ಬಂದಿರಬೇಕು. ಎಫ್‌ಟಿ8 ನಡೆಸುವ ಡಬ್ಲ್ಯೂಎಸ್‌ಜೆಟಿ-ಎಕ್ಸ್ ತಂತ್ರಾಂಶದಲ್ಲಿ ಒಂದು ಕಾವಲು ಟೈಮರ್ ಇದೆ. ಕೆಲವು ನಿಮಿಷ ಯಾರೂ ಏನೂ ಮುಟ್ಟದಿದ್ದರೆ ಪ್ರಸಾರ ನಿಲ್ಲಿಸುತ್ತದೆ. ಕುರ್ಚಿಯಲ್ಲಿ ಕೂತವರು ಬದುಕಿದ್ದಾರೆಯೇ ಎಂದು ಯಂತ್ರವೇ ಆಗಾಗ ವಿಚಾರಿಸಿಕೊಳ್ಳುವ ಹವ್ಯಾಸ ಇದು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜಾಣರು ಇದ್ದೇ ಇರುತ್ತಾರಲ್ಲ, ಅವರು ಮೌಸನ್ನು ತಾನಾಗಿ ಕ್ಲಿಕ್ ಮಾಡುವ ಇನ್ನೊಂದು ತಂತ್ರಾಂಶ ತಂದು ಕೂರಿಸಿದರು. ಕಡೆಗೆ, ಎಷ್ಟು ದೇಶಗಳ ಸಂಪರ್ಕವಾಯಿತು ಎಂದು ಎಣಿಸಿ ಕೊಡುವ ಡಿಎಕ್ಸ್‌ಸಿಸಿ ಪ್ರಶಸ್ತಿಯ ನಿಯಮಗಳಲ್ಲಿ, ಪ್ರತಿ ಸಂಪರ್ಕವನ್ನೂ ಎರಡೂ ಕಡೆಯ ಆಪರೇಟರ್‌ಗಳು ಖುದ್ದಾಗಿ ಶುರು ಮಾಡಿರಬೇಕು ಎಂದು ಬರೆದಿಡಬೇಕಾಯಿತು. ಅದರ ಪಾಡಿಗೆ ಅದಿರಲಿ. ಕಂಪ್ಯೂಟರ್ ರಾತ್ರಿಯಿಡೀ ದುಡಿದು, ಲಾಗನ್ನು ತಾನೇ ಸರ್ವರ್‌ಗೆ ಕಳಿಸಿ, ಅಲ್ಲಿ ಆಚೆಯ ಕಂಪ್ಯೂಟರಿನ ಲಾಗ್ ಜೊತೆ ತಾಳೆ ನೋಡಿಸಿಕೊಂಡಿರುತ್ತದೆ. ಬೆಳಗ್ಗೆ ಹಲ್ಲುಜ್ಜುತ್ತ ಬಂದ ಹ್ಯಾಮ್ ಪರದೆ ನೋಡಿ ಹೇಳುವ ಮಾತು: 'ನಿನ್ನೆ ರಾತ್ರಿ ಜಪಾನ್ ಹೊಡೆದೆ!'

ಮಾತು ಪೂರಾ ಸತ್ತಿಲ್ಲ, ಡಿಜಿಟಲ್ ವಾಯ್ಸ್ ಇದೆ. ಅಲ್ಲಿ ಬಾಯಿತುಂಬ ಮಾತಾಡಬಹುದು. ಯಾರ ಜೊತೆ ಎಂಬುದು ಮಾತ್ರ ಸೆಟ್ ಕೊಳ್ಳುವಾಗಲೇ ತೀರ್ಮಾನವಾಗಿರುತ್ತದೆ. ಒಂದಕ್ಕೊಂದು ಹೊಂದದ ಪದ್ಧತಿಗಳು ಹಲವು: ಒಬ್ಬರ ಕೈಯಲ್ಲಿ ಡಿ-ಸ್ಟಾರ್, ಇನ್ನೊಬ್ಬರದು ಡಿಎಂಆರ್, ಮೂರನೆಯವರದು ಸಿಸ್ಟಮ್ ಫ್ಯೂಷನ್. ಕೋಣೆ ಒಂದೇ, ಫ್ರೀಕ್ವೆನ್ಸಿ ಒಂದೇ. ಒಬ್ಬರು ಒತ್ತಿ ಮಾತಾಡಿದರೆ ಉಳಿದಿಬ್ಬರ ಸೆಟ್ಟು ಗಪ್‌ಚುಪ್. ತಮಾಷೆಯೆಂದರೆ ಮೂರರ ಹೊಟ್ಟೆಯಲ್ಲೂ ಧ್ವನಿ ಹಿಂಡುವ ಕೋಡೆಕ್ ಒಂದೇ ಕಂಪನಿಯ ಎಎಂಬಿಇ ಮನೆತನದ್ದು. ಪಾಲಾದ ದಾಯಾದಿಗಳ ಹಾಗೆ, ರಕ್ತ ಒಂದೇ, ಮಾತುಕತೆ ಇಲ್ಲ. ಆ ಕೋಡೆಕ್ಕಿನ ಒಳಗನ್ನು ಬಿಚ್ಚಿ ನೋಡುವಂತೆಯೂ ಇಲ್ಲ, ಬಿಚ್ಚಿ ನೋಡುವುದೇ ಹವ್ಯಾಸವಾದವರಿಗೆ! ಡೇವಿಡ್ ರೋ ಬರೆದ ಕೋಡೆಕ್2 ಎಲ್ಲರಿಗೂ ಮುಕ್ತವಾಗಿದೆ, ಅದರ ಮೇಲೆ ಕಟ್ಟಿದ ಎಂ17 ಪದ್ಧತಿ ಕೂಡ. ಮುಕ್ತವಾಗಿರುವುದೇ ಅವುಗಳ ದೋಷ ಇರಬೇಕು. ಅಂತೂ ಈ ಮೂವರೂ ಒಂದು ಮಾತಾಡಲೇಬೇಕೆಂದರೆ ಹಳೆಯ ಅನಲಾಗ್ ಎಫ್‌ಎಂಗೆ ಇಳಿಯುತ್ತಾರೆ.

ಹತ್ತಿರದಲ್ಲಿ ರಿಪೀಟರ್, ಅಂದರೆ ಸಿಗ್ನಲ್ ಹಿಡಿದು ಮತ್ತೆ ಹರಡುವ ನಿಲ್ದಾಣ, ಇಲ್ಲದವರಿಗೆ ಹಾಟ್‌ಸ್ಪಾಟ್ ಇದೆ. ಅಂಗೈಯಗಲದ ಡಬ್ಬಿ, ಸುಮಾರು 10 ಮಿಲಿವ್ಯಾಟ್ ಶಕ್ತಿ. ಕೈಯಲ್ಲಿರುವ ಸೆಟ್ಟಿನಿಂದ ಹೊರಟ ರೇಡಿಯೊ ಅಲೆ ಮೇಜು ದಾಟಿ ಆ ಡಬ್ಬಿ ತಲುಪುತ್ತದೆ. ಅಲ್ಲಿಂದ ವೈಫೈ, ಇಂಟರ್ನೆಟ್, ಸರ್ವರ್, ಮತ್ತೆ ಇಂಟರ್ನೆಟ್, ಭೂಮಿಯ ಆಚೆ ಬದಿಯಲ್ಲಿ ಇನ್ನೊಂದು ಡಬ್ಬಿ. ಅದರಿಂದ ಹೊರಬಿದ್ದ ಅಲೆ ಇನ್ನೊಂದು ಮೇಜು ದಾಟುತ್ತದೆ. ಖಂಡಾಂತರ ರೇಡಿಯೊ ಸಂಪರ್ಕ! 1901ರಲ್ಲಿ ಮಾರ್ಕೋನಿ ಗಾಳಿಪಟಕ್ಕೆ ತಂತಿ ಕಟ್ಟಿ, ಅಟ್ಲಾಂಟಿಕ್ ಆಚೆಯಿಂದ ಬಂದ ಮೂರು ಚುಕ್ಕಿ ಕೇಳಿಸಿತು ಎಂದು ಹೇಳಿಕೊಂಡ. ಪಾಪ, ಅವನಿಗೆ ಯಾರೂ ವೈಫೈ ಪಾಸ್‌ವರ್ಡ್ ಕೊಟ್ಟಿರಲಿಲ್ಲ.

ಇಷ್ಟಾದರೂ ಹ್ಯಾಮ್‌ಗಳ ಘೋಷಣೆ ಬದಲಾಗಿಲ್ಲ: ಬೇರೆಲ್ಲ ಕೈಕೊಟ್ಟಾಗ ಹ್ಯಾಮ್ ರೇಡಿಯೊ. ಆಗಲಿ, ಕೈಕೊಟ್ಟಿತು ಎಂದೇ ಇಟ್ಟುಕೊಳ್ಳೋಣ. ಪ್ರವಾಹ ಬಂದಿದೆ, ಕರೆಂಟಿಲ್ಲ, ಟವರ್ ಉರುಳಿದೆ. ಹಾಟ್‌ಸ್ಪಾಟ್ ಶೂರರು ಮೊದಲ ನಿಮಿಷದಲ್ಲೇ ಔಟ್. ಉಳಿದದ್ದು ಬ್ಯಾಟರಿ, ಲ್ಯಾಪ್‌ಟಾಪ್, ಎಫ್‌ಟಿ8. ಅದಕ್ಕೆ ಗಡಿಯಾರ ಒಂದೆರಡು ಸೆಕೆಂಡಿಗಿಂತ ಹೆಚ್ಚು ತಪ್ಪಬಾರದು. ಗಡಿಯಾರ ಸರಿಮಾಡಿಕೊಳ್ಳುತ್ತಿದ್ದದ್ದು ಇಂಟರ್ನೆಟ್ಟಿನಿಂದ. ಹೇಗೋ ಸರಿಹೋಯಿತೆನ್ನಿ. ಖಾಲಿ ಕಿಂಡಿಯಲ್ಲಿ 'ಸೆಂಡ್ ಬೋಟ್ ನೌ' ಎಂದು ರೋಮನ್ನಿನಲ್ಲಿ ಬರೆದು ನೋಡಿ. ಖಾಲಿ ಜಾಗ ಸೇರಿ ಸರಿಯಾಗಿ 13! ಕಾಲ್‌ಸೈನಿಗೆ ಜಾಗ ಉಳಿಯಲಿಲ್ಲ, ಹಾಗಾಗಿ ಕೇಳಿದ್ದು ಯಾರೆಂದು ಗೊತ್ತಾಗುವುದಿಲ್ಲ. ಮೂವತ್ತು ಸೆಕೆಂಡಿನ ಮೇಲೆ ಮುಂದಿನ ಸರದಿ ಬಂದಾಗ ಕಾಲ್‌ಸೈನ್ ಮತ್ತು ಗ್ರಿಡ್ ಕಳಿಸಬಹುದು. ನಾಲ್ಕಕ್ಷರದ ಆ ಗ್ರಿಡ್ ಚೌಕ ಉತ್ತರ-ದಕ್ಷಿಣವಾಗಿ 111 ಕಿಲೋಮೀಟರ್. ದೋಣಿಯವರು ಅಷ್ಟರೊಳಗೆ ಎಲ್ಲಾದರೂ ಹುಡುಕಿಕೊಂಡಾರು. ಸಾಲುಸಾಲು ಸಂದೇಶ ಕಳಿಸಲು ಜೆಎಸ್8ಕಾಲ್, ವಿನ್‌ಲಿಂಕ್ ಇಲ್ಲವೆಂದಲ್ಲ. ಆದರೆ ಅಲ್ಲಿ ಟೈಪ್ ಮಾಡಬೇಕು, ಓದಬೇಕು, ಯೋಚಿಸಿ ಉತ್ತರ ಬರೆಯಬೇಕು. ಯಾರಿಗೆ ಅಭ್ಯಾಸ ಉಳಿದಿದೆ?

ಆ ಕಡೆಯ ಆಪರೇಟರ್ ಎಚ್ಚರವಾಗಿದ್ದರೆ ಪರದೆಯ ಮೇಲೆ ನಿಮ್ಮ ಕಾಲ್‌ಸೈನ್ ಕಂಡೀತು. ಲಾಗ್‌ನಲ್ಲಿ ಇಲ್ಲದ ದೇಶವಾದರೆ ತಂತ್ರಾಂಶ ಅದಕ್ಕೆ ಬೇರೆ ಬಣ್ಣ ಬಳಿದು ತೋರಿಸುತ್ತದೆ. ನಿಮ್ಮ ದೇಶ ಅವರಿಗೆ ಎಂದೋ ಸಿಕ್ಕಾಗಿದೆ.